ಇಪ್ಪತ್ತನಾಲ್ಕು ಸೂಜಿಗಳು

೧ ಜುಲೈ ೨೦೦೬, ಶನಿವಾರ
ಹೊಳೆನರಸೀಪುರ

ಮೊದಲ ಸೂಜಿ ಆಯಿತು. ಇನ್ನು ಇಪ್ಪತ್ತಮೂರು.

ಇವರು ಮೂರು ದಿನದಿಂದ ಮೂಸಂಬಿ ಹಣ್ಣಿಗೆ ನೀರು ಚುಚ್ಚಿ ಅಭ್ಯಾಸ ಮಾಡಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ಮೂರು ಮೂಸಂಬಿ ಊದಿಕೊಂಡು ಕೂತಿವೆ. ತಿನ್ನುವ ಧೈರ್ಯ ಯಾರಿಗೂ ಇಲ್ಲ. ಚನ್ನರಾಯಪಟ್ಟಣದ ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ಅಲುಗದೆ ಸಹಿ ಹಾಕಿದ ಕೈ, ನನ್ನ ಹೊಟ್ಟೆಯ ಚರ್ಮ ಹಿಡಿದಾಗ ನಡುಗಿತು.

"ಕಣ್ಮುಚ್ಕೋ ಮೈತ್ರೇಯಿ."

"ನಾನ್ಯಾಕ್ರೀ ಮುಚ್ಲಿ? ನೀವು ಮುಚ್ದೇ ಇದ್ರೆ ಸಾಕು."

ದೇವರಮನೆಯಿಂದ ಅತ್ತೆ, "ಆಯ್ತೇನೋ ಗಿರೀ?" ಎಂದು ಕೂಗಿದರು. ಆಗಿತ್ತು. ಇರುವೆ ಕಚ್ಚಿದಷ್ಟೂ ಆಗಲಿಲ್ಲ.

ಮುಂದೊಂದು ದಿನ ಓದಿ ನಗುವುದಕ್ಕಾಗಿ ಎಲ್ಲವನ್ನೂ ಬರೆದಿಡಬೇಕೆಂದು ಈ ಹೊಸ ನೋಟುಪುಸ್ತಕ. ೧೯೮೩ರ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ, ನಾನು ಉಳಿದೆ. ಉಳಿಸಿದ ಎರಡು ಬಾಟಲಿ ರಕ್ತದಲ್ಲೇ ಲಿವರನ್ನು ಕೆಡಿಸುವ ಈ ವೈರಸ್ಸೂ ಬಂದಿತ್ತೆಂದು ಕಾಣುತ್ತದೆ. ಯಾರ ತಪ್ಪೂ ಅಲ್ಲ, ಆಗ ಅದಕ್ಕೆ ಹೆಸರೇ ಇರಲಿಲ್ಲ. ಇಪ್ಪತ್ತಮೂರು ವರ್ಷ ನನ್ನ ಲಿವರಿನಲ್ಲಿ ಸದ್ದಿಲ್ಲದೆ ಸಂಸಾರ ಮಾಡಿದೆ. ಬಾಡಿಗೆಯವರನ್ನು ಬಿಡಿಸುವುದು ಕಷ್ಟ ಎನ್ನುತ್ತಾರೆ. ಹಾಸನದ ಡಾಕ್ಟರ್ ಷಡಕ್ಷರಿ, ಸಾಧ್ಯ ಎಂದಿದ್ದಾರೆ. ವಾರಕ್ಕೊಂದು ಇಂಟರ್‌ಫೆರಾನ್ ಸೂಜಿ, ದಿನಾ ಮಾತ್ರೆ, ಇಪ್ಪತ್ತನಾಲ್ಕು ವಾರ. ನಡುವೆ ಬಿಟ್ಟರೆ ವೈರಸ್ ಮರಳಿ ಬರುತ್ತದೆ, ಆಮೇಲೆ ಲಿವರು ಗಟ್ಟಿಯಾಗುತ್ತಾ ಹೋಗುತ್ತದೆ. "ಜ್ವರ ಬರತ್ತೆ, ಕೂದಲು ಉದುರತ್ತೆ. ಅದಕ್ಕೆಲ್ಲ ಹೆದರ್ಬೇಡಿ. ಆದ್ರೆ ಸುಮ್ಸುಮ್ನೆ ಅಳು ಬಂದ್ರೆ, ವಿಪರೀತ ಸಿಟ್ಟು ಬಂದ್ರೆ ತಕ್ಷಣ ಹೇಳಿ" ಎಂದಿದ್ದಾರೆ.

ಅಳು, ಸಿಟ್ಟು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳಿಗೆ ಎರಡೂ ದಿನಾ ಬರುತ್ತವೆ. ಯಾವುದನ್ನು ಹೇಳಲಿ?

೨ ಜುಲೈ, ಭಾನುವಾರ

ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ. ಇವರು ಮಾಡಿದ ಗಂಜಿಯಲ್ಲಿ ಉಪ್ಪಿರಲಿಲ್ಲ. ಹೇಳಿದೆ. ಅತ್ತೆ, "ಜ್ವರದಲ್ಲೂ ನಾಲಿಗೆ ಚುರುಕಾಗಿದೆ" ಎಂದರು. ಅದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ.

೧೭ ಜುಲೈ, ಸೋಮವಾರ

ಮೂರು ಸೂಜಿ ಮುಗಿದವು. ಶನಿವಾರ ಸೂಜಿ, ಭಾನುವಾರ ಜ್ವರ, ಸೋಮವಾರ ಪಾಠ. ಹೀಗೊಂದು ಪಂಚಾಂಗ.

ಇವತ್ತು ನರಮಂಡಲದ ಅಂಗಾಂಶ. ಹುಡುಗಿಯರು ನ್ಯೂರಾನ್ ಚಿತ್ರವನ್ನು ರಂಗೋಲಿಯಂತೆ ಮನಸ್ಸಿಟ್ಟು ಬರೆಯುತ್ತಾರೆ. ಒಬ್ಬಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, "ಮೇಡಂ, ಈ ಚಿಕ್ಕಚಿಕ್ಕ ಚುಕ್ಕಿಗಳೇನು?" ಎಂದಳು. ಮೈಕ್ರೋಗ್ಲಿಯಾ ಎಂದೆ. ಮಿದುಳಿನೊಳಗೇ ಇರುವ ರಕ್ಷಣೆಯ ಕೋಶಗಳು, ಸತ್ತದ್ದನ್ನು ಗುಡಿಸುತ್ತವೆ, ರೋಗಾಣು ಬಂದರೆ ತಿನ್ನುತ್ತವೆ. "ಪರೀಕ್ಷೆಗೆ ಬರತ್ತಾ?" ಎಂದಳು. ಬರುವುದಿಲ್ಲ ಎಂದೆ. ಅವಳು ಚುಕ್ಕಿಗಳನ್ನು ಬಿಟ್ಟು ಚಿತ್ರ ಮುಗಿಸಿದಳು. ಇಪ್ಪತ್ತು ವರ್ಷದಿಂದ ಎಲ್ಲರೂ ಹಾಗೇ ಮಾಡಿದ್ದಾರೆ, ನಾನೇ ಹಾಗೆ ಮಾಡಿಸಿದ್ದೇನೆ.

ಬರುವಾಗ ಸೇತುವೆಯ ಮೇಲೆ ನಿಂತು ಹೊಳೆ ನೋಡಿದೆ. ಹೇಮಾವತಿಗೆ ಕೆಂಪು ನೀರು ಬಂದಿದೆ. ಮಳೆಯ ಬಗ್ಗೆ ಬೆಳಿಗ್ಗೆ ಓದಿದ್ದ ಕವಿತೆ ಈ ನೀರಿನ ಮುಂದೆ ಸ್ವಲ್ಪ ತೆಳುವೆನಿಸಿತು. ಆದರೂ ಕಾಫಿಗೆ ಮೊದಲು ಒಂದು ಕವಿತೆ ಓದುವ ಅಭ್ಯಾಸ ಬಿಡುವುದಿಲ್ಲ. ಕಾಫಿ ಬೇಕಾದರೆ ಬಿಟ್ಟೇನು. ಸುಳ್ಳು, ಅದನ್ನೂ ಬಿಡಲಾರೆ.

೪ ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ. ಕಳಸಕ್ಕೆ ಸೀರೆ ಉಡಿಸುವ ಕೆಲಸವನ್ನು ಪ್ರತಿವರ್ಷ ನಾನೇ ಮಾಡುತ್ತಿದ್ದೆ, ನೆರಿಗೆ ಸರಿಯಾಗುವ ತನಕ ಹಟ ಹಿಡಿದು. ಈ ಸಲ ಹಾಗೇ ಸುತ್ತಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ. ಇಷ್ಟು ವರ್ಷ ಆ ನೆರಿಗೆಗೆ ಏಕೆ ಅಷ್ಟು ಒದ್ದಾಡಿದೆನೋ.

ಬೆಳಿಗ್ಗೆ ನಾಲ್ಕಕ್ಕೇ ಎಚ್ಚರವಾಗುತ್ತಿದೆ. ಅತ್ತೆ, "ಬ್ರಾಹ್ಮೀ ಮುಹೂರ್ತ, ಒಳ್ಳೇದು" ಎಂದರು.

೧೩ ಆಗಸ್ಟ್, ಭಾನುವಾರ

ಏಳು ಸೂಜಿ ಆಯಿತು. ಕವಿತೆ ತೆರೆದೆ. ಅಕ್ಷರಗಳು ಜಲ್ಲಿಕಲ್ಲಿನ ಹಾಗೆ ಬಿದ್ದಿದ್ದವು. ಮುಚ್ಚಿದೆ. ಬೇಸರವಾಗಲಿಲ್ಲ. ಬೇಸರವಾಗದೆ ಇದ್ದುದೇ ವಿಶೇಷ. ಒಂದು ವಯಸ್ಸು ದಾಟಿದ ಮೇಲೆ ಮಾತಿನ ಬೆಡಗು ಬೇಡವಾಗುತ್ತದೆ ಎನ್ನುತ್ತಾರಲ್ಲ, ಹಾಗೆ.

೨೭ ಆಗಸ್ಟ್, ಭಾನುವಾರ

ಗಣೇಶನ ಹಬ್ಬ. ಕಡುಬು ಬಾಯಲ್ಲಿ ಮೇಣದ ಹಾಗಾಯಿತು. ಅರ್ಧ ತಿಂದು ಕೈ ತೊಳೆದೆ. ಇವರು, "ಯಾಕೆ, ಜ್ವರಾನಾ?" ಎಂದರು. "ಇಲ್ಲ, ಬೇಡ ಅನ್ನಿಸ್ತು." ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು.

ಮಾವ ತೀರಿಕೊಂಡು ಹದಿನೇಳು ವರ್ಷ. ಅಂದಿನಿಂದ ಅತ್ತೆಯದು ಒಪ್ಪತ್ತು ಊಟ, ಅಳೆದ ಮಾತು. ದೇವಸ್ಥಾನದ ಆಚೆಗೆ ಕಾಲಿಟ್ಟವರಲ್ಲ. ಬೀದಿಯಲ್ಲಿ ಯಾವ ಸೊಸೆ ಸೋಮಾರಿತನ ಮಾಡಿದರೂ "ಕಾವೇರಮ್ಮನವರ ನಿಷ್ಠೆ ನೋಡು" ಎನ್ನುತ್ತಾರೆ. ಅಂಥವರು ಇವತ್ತು ನನ್ನ ಪಕ್ಕ ಕೂತು, "ನಿನಗೂ ಹಾಗೇ ಆಗ್ತಿದೆ ಕಣೇ. ಅದು ತಾನಾಗೇ ಬರತ್ತೆ. ಎಲ್ರಿಗೂ ಬರೋದಲ್ಲ. ರಾತ್ರಿ ಊಟ ಬಿಟ್ಬಿಡು, ಇನ್ನೂ ಹಗುರಾಗ್ತೀಯ" ಎಂದರು.

ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಅತ್ತೆ ನನ್ನನ್ನು ತಮ್ಮ ಕಡೆಯವಳೆಂದು ಕಂಡರು.

೩೦ ಆಗಸ್ಟ್, ಬುಧವಾರ

ಹಾಸನ. ತಿಂಗಳ ತಪಾಸಣೆ. "ಅಳು ಬರತ್ತಾ?" ಇಲ್ಲ. "ಸಿಟ್ಟು?" ಇಲ್ಲವೇ ಇಲ್ಲ. ಇವರು ಹೆಮ್ಮೆಯಿಂದ, "ತುಂಬ ಶಾಂತವಾಗಿದ್ದಾಳೆ ಡಾಕ್ಟ್ರೇ. ಮೊದಲಿಗಿಂತ ಶಾಂತ" ಎಂದರು. ಡಾಕ್ಟರು ಬರೆದುಕೊಂಡರು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು.

೯ ಸೆಪ್ಟೆಂಬರ್, ಶನಿವಾರ

ಅರಕಲಗೂಡಿನಿಂದ ನನ್ನ ಅಣ್ಣ, ವಸಿಷ್ಠಣ್ಣ, ಬಂದಿದ್ದ. ಸಂಸ್ಕೃತ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ಅವನ ಮಾತು ಇನ್ನೂ ಪಾಠದಂತಾಗಿದೆ. ನಾನು ಒಂದು ಗಂಟೆ ಸುಮ್ಮನೆ ಕೂತಿದ್ದೆ. ಹೊರಡುವಾಗ, "ಚಿಕ್ಕೋಳಾಗಿ ನೀನು ಎಂಥ ಬಾಯಿಬಡುಕಿ! ನಲವತ್ತು ವರ್ಷ ನಾನು ಶಾಸ್ತ್ರಗಳಲ್ಲಿ ಓದಿದ್ದು ನಿನಗೆ ಓದದೇನೇ ಬಂದಿದೆಯಲ್ಲೇ" ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ಕವಿತೆಯ ಪುಸ್ತಕಗಳನ್ನು ಕಟ್ಟಿ ಊರಿನ ಗ್ರಂಥಾಲಯಕ್ಕೆ ಕಳಿಸಿದೆ. ಎರಡು ಗೋಣಿಚೀಲ. ರೇಷ್ಮೆ ಸೀರೆಗಳನ್ನೂ ಹಂಚಿದೆ.

ಹನ್ನೊಂದು.

೨೦ ಸೆಪ್ಟೆಂಬರ್

ರಿಪೋರ್ಟು ಬಂತು. ರಕ್ತದಲ್ಲಿ ವೈರಸ್ ಕಾಣುತ್ತಿಲ್ಲ. ಇವರು ಸಿಹಿ ತಂದರು. ಡಾಕ್ಟರು ಫೋನಿನಲ್ಲಿ, "ಇನ್ನು ಹನ್ನೆರಡು ಮಾತ್ರ, ಬಿಡಬೇಡಿ" ಎಂದರಂತೆ.

ಸರಿ.

೨೩ ಸೆಪ್ಟೆಂಬರ್

ಸೂಜಿ ಬೇಡ ಎಂದೆ. ಇವರು ಸೂಜಿಮದ್ದು ಇಟ್ಟಿದ್ದ ಫ್ರಿಜ್ಜಿನ ಮುಂದೆ ನಿಂತೇ ಇದ್ದರು. ಈ ದೇಹವನ್ನು ಇನ್ನಷ್ಟು ವರ್ಷ ನಡೆಸುವುದರಿಂದ ಏನು? ದುಃಖದಿಂದ ಬರೆಯುತ್ತಿಲ್ಲ. ದುಃಖವೂ ಇಲ್ಲ. ಕಂಡದ್ದನ್ನು ಬರೆಯುತ್ತಿದ್ದೇನೆ. ಇವರು ಅತ್ತೆಯ ಮುಖ ನೋಡಿದರು. ಅತ್ತೆ, "ಅವಳ ಮನಸ್ಸಿಗೆ ಬಂದ ಹಾಗೆ ಬಿಡೋ" ಎಂದರು.

೨೫ ಸೆಪ್ಟೆಂಬರ್

ನವರಾತ್ರಿ. ಬೊಂಬೆ ನೋಡಲು ಬಂದ ಹೆಂಗಸರು ನನ್ನ ಕಾಲು ಮುಟ್ಟಿದರು. ಬೇಡ ಎನ್ನಲೂ ಬಾಯಿ ತೆರೆಯಲಿಲ್ಲ. ಅದನ್ನೂ ಮೆಚ್ಚಿದರು.

೨೭ ಸೆಪ್ಟೆಂಬರ್, ಬುಧವಾರ

ದಸರಾ ರಜೆ. ಜಗಲಿಯಲ್ಲಿ ಕೂತಿದ್ದೆ. ಹಳೇಕೋಟೆಯಿಂದ ಹಾಲು ತರುವ ಬೆಟ್ಟಮ್ಮ ಬಂದಳು.

"ಅಮ್ಮಾರೆ, ಆಲು ಇವತ್ತು ಅರ್ದ ಲೀಟ್ರು ಕಮ್ಮಿ ಕಣ್ರವ್ವ. ಕೆಂದಸಕ್ಕೆ ಜರ ಬಂದ್ಬುಟ್ಟದೆ. ಕೊಟ್ಟಿಗೆ ಮೂಲೇಗೆ ಮಕ ಆಕ್ಕಂಡು ನಿಂತದೆ. ಉಲ್ಲು ಮುಟ್ಟಕಿಲ್ಲ. ಕರ ಅತ್ರಕ್ಕೆ ಬಂದ್ರೂ ನೆಕ್ಕಕಿಲ್ಲ."

ಪಾತ್ರೆಗೆ ಹಾಲು ಸುರಿಯುತ್ತಾ ನನ್ನನ್ನು ನೋಡಿದಳು.

"ನೀವೂ ಅಂಗೇ ಕುಂತಿದ್ದೀರಲ್ಲ, ಗ್ವಾಡೆ ಕಡೀಕೆ ಮಕ ಮಾಡ್ಕಂಡು. ಒಂದು ತಿಂಗ್ಳಿಂದ ನೋಡ್ತಾವ್ನಿ. ಆಲಲ್ಲಿ ನೀರೈತೆ ಅಂತ ಒಂದಪನಾದ್ರೂ ಬಯ್ಲಿಲ್ಲ. ಮೈಗೆ ಉಸಾರಿಲ್ವಾ?"

ಅತ್ತೆ ಒಳಗಿನಿಂದ, "ಸುಮ್ನಿರೇ ಬೆಟ್ಟಮ್ಮ. ಅವಳಿಗೆ ವೈರಾಗ್ಯ ಬಂದಿದೆ, ನಿನಗೆ ತಿಳಿಯಲ್ಲ" ಎಂದರು.

"ವೈರಾಗ್ಯವಾ? ಅಂಗಾರೆ ನಮ್ಮಸಕ್ಕೂ ಅದೇ ಬಂದಿರ್ಬೇಕು ಬುಡಿ. ದನಿನ ಡಾಕ್ಟ್ರು ಸಾಯಂಕಾಲ ಬತ್ತಾರೆ. ಎಲ್ಡು ಇಂಜಿಸನ್ ಚುಚ್ಚುದ್ರೆ ವೈರಾಗ್ಯ ಎಲ್ಲಾ ಬುಟ್ಟೋಯ್ತದೆ."

ಒರಟು ಹೆಂಗಸು.

೨೮ ಸೆಪ್ಟೆಂಬರ್, ಗುರುವಾರ

ಮೂಲೆಗೆ ಮುಖ ಹಾಕಿ ನಿಂತ ಹಸು ಕಣ್ಣಿಂದ ಹೋಗುತ್ತಿಲ್ಲ. ನಾನು ಅಂಥದ್ದನ್ನು ಎಲ್ಲೋ ನೋಡಿದ್ದೇನೆ ಎನ್ನಿಸಿ ಬೆಳಿಗ್ಗೆಯಿಂದ ಕಿರಿಕಿರಿ. ಈಗ ನೆನಪಾಯಿತು. ಎಂ.ಎಸ್ಸಿ. ಎರಡನೇ ವರ್ಷ, ಜ್ವರದ ಪ್ರಯೋಗ. ಇಲಿಗಳಿಗೆ ಸತ್ತ ಬ್ಯಾಕ್ಟೀರಿಯಾ ಚುಚ್ಚಿದ್ದೆವು. ಮೂರು ಗಂಟೆಯಲ್ಲಿ ಅವು ಮೂಲೆ ಸೇರಿ, ಕೂದಲು ನಿಮಿರಿಸಿಕೊಂಡು, ಒಂದರ ಕಡೆ ಒಂದು ನೋಡದೆ ಕೂತವು. ಸಕ್ಕರೆ ನೀರಿಗೆ ಮುಗಿಬೀಳುತ್ತಿದ್ದ ಇಲಿಗಳು ಅದನ್ನು ಮೂಸಲಿಲ್ಲ. "ಪ್ರಾಣಿಗಳು ಮಂಕಾಗಿವೆ" ಎಂದು ಒಂದೇ ಸಾಲು ಬರೆದಿದ್ದೆ. ಉಷ್ಣತೆಯ ನಕ್ಷೆಗೆ ಅಂಕ ಬಂತು, ಆ ಸಾಲನ್ನು ಯಾರೂ ಕೇಳಲಿಲ್ಲ.

ಬ್ಯಾಕ್ಟೀರಿಯಾ ಸತ್ತಿತ್ತು. ಅಂದರೆ ಅವುಗಳಿಗೆ ರೋಗವೇ ಇರಲಿಲ್ಲ. ದೇಹದೊಳಗೆ ಎದ್ದ ಎಚ್ಚರಿಕೆಯೇ ಹಾಗೆ ಮಾಡಿತ್ತು. ಆ ಎಚ್ಚರಿಕೆ ಸಾರುವ ವಸ್ತುಗಳಲ್ಲಿ ಒಂದರ ಹೆಸರು ಇಂಟರ್‌ಫೆರಾನ್.

ಅದನ್ನೇ ಪ್ರತಿ ಶನಿವಾರ ಚುಚ್ಚಿಸಿಕೊಳ್ಳುತ್ತಿದ್ದೇನೆ.

ಇವರು ಬಂದ ಕೂಡಲೆ, ನಾಳೆ ಹಾಸನಕ್ಕೆ ಹೋಗೋಣ ಎಂದೆ. ಬ್ಯಾಂಕಿನ ಚೀಲವನ್ನೂ ಕೆಳಗಿಡದೆ ನಿಂತು, "ಹೋಗೋಣ" ಎಂದರು. ಏಕೆ ಎಂದು ಕೇಳಲಿಲ್ಲ. ಐದು ದಿನದಿಂದ ಈ ಮಾತಿಗೇ ಕಾದಿದ್ದರೇನೋ.

೨೯ ಸೆಪ್ಟೆಂಬರ್, ಶುಕ್ರವಾರ

ಬೆಳಗಿನ ಪ್ಯಾಸೆಂಜರಿನಲ್ಲಿ ಹೋದೆವು. ಮೊಸಳೆ ಹೊಸಹಳ್ಳಿಯಲ್ಲಿ ಬಹಳ ಹೊತ್ತು ನಿಂತಿತು. ಇವರು ಕಿಟಕಿಯ ಕಡೆ ಕೂರಿಸಿದರು, ನಾನು ಹೊರಗೆ ನೋಡಲಿಲ್ಲ.

ಡಾಕ್ಟರ್ ಷಡಕ್ಷರಿ ಸೂಜಿ ತಪ್ಪಿಸಿದ್ದಕ್ಕೆ ಬೈಯಲು ಬಾಯಿ ತೆರೆದವರು, ನನ್ನನ್ನು ನೋಡಿ ನಿಲ್ಲಿಸಿದರು.

"ನಿದ್ದೆ?"

"ನಾಲ್ಕಕ್ಕೆ ಎಚ್ಚರ ಆಗತ್ತೆ."

"ಊಟ?"

"ಒಪ್ಪತ್ತು."

"ಮೊದಲು ಇಷ್ಟ ಇದ್ದದ್ದು ಏನೇನು ಬಿಟ್ಟಿದ್ದೀರಿ?"

ಹೇಳಿದೆ. ಪುಸ್ತಕ, ಸೀರೆ, ಮಾತು. ಕಾಫಿಯನ್ನು ಯಾವಾಗ ಬಿಟ್ಟೆನೋ ನನಗೇ ನೆನಪಿರಲಿಲ್ಲ.

"ಸಾಯ್ಬೇಕು ಅನ್ಸತ್ತಾ?"

"ಇಲ್ಲ. ಬದುಕಬೇಕು ಅಂತಲೂ ಅನ್ಸಲ್ಲ, ಅಷ್ಟೇ. ಅದಕ್ಕೆ ವೈರಾಗ್ಯ ಅಂತಾರಲ್ವಾ?"

ಪಕ್ಕದಲ್ಲಿ ಇವರ ಕುರ್ಚಿ ಸದ್ದು ಮಾಡಿತು. ಮುಖ ನೋಡಿದೆ. ಮದುವೆಯಾದಾಗಿನಿಂದ ನಾನು ಆ ಮುಖ ಕಂಡಿರಲಿಲ್ಲ.

"ಬೈಬೇಕಾದ್ದು ನನ್ನನ್ನ" ಎಂದರು ಡಾಕ್ಟರು. "ಅಳ್ತೀರಾ ಅಂತ ಕೇಳ್ದೆ, ನಗ್ತೀರಾ ಅಂತ ಕೇಳ್ಲಿಲ್ಲ. ಯಜಮಾನ್ರು ಶಾಂತವಾಗಿದ್ದಾರೆ ಅಂದ್ರು, ನಾನೂ ಬರ್ಕೊಂಡೆ. ಮೇಡಂ, ಇದು ಖಿನ್ನತೆ. ಈ ಸೂಜಿ ತಗೊಳ್ಳೋರಲ್ಲಿ ಮೂರು ನಾಲ್ಕು ಜನಕ್ಕೆ ಒಬ್ಬರಿಗೆ ಬರತ್ತೆ."

ನಾನು ಇಲಿಯ ವಿಷಯ ಹೇಳಿದೆ. ಅವರ ಮುಖ ಬೆಳಗಿತು. ಔಷಧದ ಚೀಟಿಯನ್ನು ತಿರುಗಿಸಿ, ಹಿಂದೆ ಚಿತ್ರ ಬರೆದರು. ನ್ಯೂರಾನನ್ನಲ್ಲ, ಸುತ್ತಲಿನ ಚುಕ್ಕಿಗಳನ್ನು.

"ಇವು ಗೊತ್ತಲ್ಲ ನಿಮಗೆ?"

"ಮೈಕ್ರೋಗ್ಲಿಯಾ. ಪರೀಕ್ಷೆಗೆ ಬರಲ್ಲ."

ಅವರು ಜೋರಾಗಿ ನಕ್ಕರು. "ನಿಮ್ಮ ಪರೀಕ್ಷೆಗೆ ಬಂದಿದೆ ನೋಡಿ. ಇವು ಮಿದುಳಿನ ಕಾವಲಿನೋರು. ಸುಮ್ನಿರೋ ದಿನಗಳಲ್ಲಿ ಸಣ್ಣಸಣ್ಣ ಕೈ ಚಾಚ್ಕೊಂಡು ಸುತ್ತ ತಡವಿ ನೋಡ್ತಿರ್ತವೆ. ಮೈಯಲ್ಲಿ ಎಲ್ಲೋ ಸೋಂಕು ಅಂತ ಸುದ್ದಿ ಬಂದ್ರೆ ಕೈಗಳನ್ನ ಒಳಗೆಳ್ಕೊಂಡು ಊದ್ಕೊತವೆ, ತಾವೂ ಕೂಗು ಹಾಕ್ತವೆ. ಆ ಕೂಗಿಗೆ ಮಿದುಳು ಏನ್ಮಾಡತ್ತೆ? ಮಲಗು, ತಿನ್ನಬೇಡ, ಯಾರ ಹತ್ರಾನೂ ಹೋಗ್ಬೇಡ, ಶಕ್ತಿ ಉಳಿಸ್ಕೋ ಅನ್ನತ್ತೆ. ಮನಸ್ಸನ್ನ ಗೆಲುವಾಗಿಡೋ ರಾಸಾಯನಿಕ ತಯಾರಾಗೋದೂ ಕಮ್ಮಿ ಆಗತ್ತೆ. ಮೂರು ದಿನದ ಜ್ವರಕ್ಕೆ ಅದು ಒಳ್ಳೇ ಏರ್ಪಾಡೇ. ಆದ್ರೆ ನಾವು ವಾರವಾರ, ಆರು ತಿಂಗಳು ಅದೇ ಸುದ್ದಿ ಕಳಿಸ್ತಿದ್ದೀವಿ. ಪಾಪ, ಅವು ಮಲಗೋದು ಯಾವಾಗ?"

"ಇದು ಸಾಬೀತಾಗಿದೆಯಾ?"

"ಪೂರ್ತಿ ಇಲ್ಲ. ಇಲಿಗಳಲ್ಲಿ ಕಂಡಿದ್ದಾರೆ, ಮನುಷ್ಯರ ಲೆಕ್ಕ ಇನ್ನೂ ಹುಡುಕ್ತಿದ್ದಾರೆ. ಆದ್ರೆ ಇದಕ್ಕೆ ಔಷಧಿ ಕೊಟ್ರೆ ಕಮ್ಮಿ ಆಗೋದು ನಾನೇ ನೋಡಿದ್ದೀನಿ. ಮನೋವೈದ್ಯರ ಹತ್ರ ಇವತ್ತೇ ಕಳಿಸ್ತೀನಿ. ಅವರು ಕೊಡೋ ಮಾತ್ರೆ ಕೆಲಸ ಮಾಡಕ್ಕೆ ಮೂರು ವಾರ ಬೇಕು. ಅಲ್ಲಿ ತನಕ ಏನನ್ನಿಸಿದ್ರೂ ಯಾವ ತೀರ್ಮಾನಾನೂ ತಗೋಬೇಡಿ. ಸೂಜಿ ಮಾತ್ರ ಬಿಡ್ಬೇಡಿ. ಬಾಕಿ ಇರೋದು ಹನ್ನೆರಡು."

ಹದಿಮೂರನೆಯದನ್ನು ಅಲ್ಲೇ ನರ್ಸು ಹಾಕಿದಳು. ಮನೋವೈದ್ಯೆ ಒಂದು ಗಂಟೆ ಮಾತಾಡಿಸಿ, ಹದಿನೈದು ದಿನಕ್ಕೊಮ್ಮೆ ಬರಬೇಕು ಎಂದರು. ಇವರನ್ನು ಬೇರೆ ಕರೆದು, ನನ್ನನ್ನು ಒಬ್ಬಳನ್ನೇ ಬಿಡಬೇಡಿ ಎಂದರಂತೆ. ಇವರು ಬ್ಯಾಂಕಿಗೆ ಮೂರು ವಾರ ರಜೆ ಹಾಕಿದ್ದಾರೆ.

೧ ಅಕ್ಟೋಬರ್, ಭಾನುವಾರ

ಶುಕ್ರವಾರದ ಸೂಜಿಯ ಜ್ವರ ಇನ್ನೂ ಇಳಿದಿಲ್ಲ. ಅದರ ನಡುವೆ ಒಂದೇ ಯೋಚನೆ. ವೈರಾಗ್ಯ ಸೂಜಿಯದಾದರೆ, ನನ್ನದು ಯಾವುದು? ವಸಿಷ್ಠಣ್ಣನ ಕಣ್ಣೀರು, ಅತ್ತೆಯ ಮೆಚ್ಚುಗೆ, ಕಾಲು ಮುಟ್ಟಿದ ಹೆಂಗಸರು, ಎಲ್ಲ ಒಂದು ಔಷಧಿಗೆ ಸಂದ ಗೌರವವೇ? ನಾಚಿಕೆಯಾಗುತ್ತಿದೆ. ನಾಳೆ ಮಾತ್ರೆ ನನ್ನನ್ನು ನಗಿಸಿದರೆ ಆ ನಗು ಯಾರದು?

ಇವರನ್ನು ಕೇಳಿದೆ. "ನನಗಷ್ಟು ಗೊತ್ತಾಗಲ್ಲ ಮೈತ್ರೇಯಿ. ಜುಲೈನಲ್ಲಿ ನನ್ನ ಗಂಜೀಗೆ ಉಪ್ಪಿಲ್ಲ ಅಂದೆಯಲ್ಲ, ಅವಳು ವಾಪಸ್ ಬಂದ್ರೆ ನನಗೆ ಸಾಕು" ಎಂದರು.

೭ ಅಕ್ಟೋಬರ್

ಹದಿನಾಲ್ಕು. ಏನೂ ವ್ಯತ್ಯಾಸವಿಲ್ಲ. ರಾತ್ರಿ ಊಟ ಮಾಡಲೇಬೇಕೆಂದು ಇವರ ಹಟ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

೧೮ ಅಕ್ಟೋಬರ್, ಬುಧವಾರ

ಏನೂ ವ್ಯತ್ಯಾಸವಿಲ್ಲ. ಮಾತ್ರೆ ನನಗೆ ಹಿಡಿಯುತ್ತಿಲ್ಲವೆಂದು ಕಾಣುತ್ತದೆ. ಇವತ್ತು ಐದೂವರೆಗೆ ಎದ್ದೆ. ಎದುರುಮನೆಯಲ್ಲಿ ಹೀರೇಕಾಯಿ ಸಿಪ್ಪೆಯ ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದರು, ಇಂಗು ಸ್ವಲ್ಪ ಸೀದಿತ್ತು.

೨೯ ಅಕ್ಟೋಬರ್, ಭಾನುವಾರ

ಹದಿನೇಳು ಮುಗಿದವು. ಈ ಬೆಟ್ಟಮ್ಮನಿಗೆ ಮಿತಿಯೇ ಇಲ್ಲ. ಹಾಲಲ್ಲ, ಹಾಲು ತೊಳೆದ ನೀರು. ಇವತ್ತು ಎದುರಿಗೇ ಕೇಳಿದೆ, "ಏನೇ ಇದು, ಹೇಮಾವತಿಯನ್ನೇ ಕರ್ಕೊಂಡು ಬಂದೆಯಾ?" ಅವಳು ಕ್ಯಾನು ಕೆಳಗಿಟ್ಟು, ಸೊಂಟಕ್ಕೆ ಕೈಯಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ನಕ್ಕಳು. "ಅಬ್ಬ! ನಮ್ಮಮ್ಮಾರು ಬಂದ್ರು ಕಣ್ರಪ್ಪೋ!" ಬೈದರೆ ನಗುವ ಹೆಂಗಸಿಗೆ ಏನು ಹೇಳುವುದು.

ಅವಳ ಕೆಂದ ಹಸು ಚೆನ್ನಾಗಿದೆಯಂತೆ.

೧೫ ನವೆಂಬರ್, ಬುಧವಾರ

ಇಂಥ ಅನ್ಯಾಯ ಎಲ್ಲಾದರೂ ಉಂಟೇ! ಒಂದು ಸಾಲು ನಾಲ್ಕು ದಿನದಿಂದ ಕಾಡುತ್ತಿತ್ತು, ಪೂರ್ತಿ ನೆನಪಾಗದು. ಗ್ರಂಥಾಲಯಕ್ಕೆ ಹೋದೆ. ನನ್ನದೇ ಪುಸ್ತಕ, ನನ್ನದೇ ಹಾಳೆ ಮಡಿಕೆ, ನನ್ನದೇ ಕಾಫಿಯ ಕಲೆ. ಅದರ ಮೇಲೆ ಎರಡು ಕಡೆ ನೀಲಿ ಮುದ್ರೆ. ಗ್ರಂಥಪಾಲಕ ಕೆಂಚಯ್ಯನವರು, "ಮೆಂಬರ್ ಆಗ್ಬೇಕು ಮೇಡಂ" ಎಂದರು.

"ಕೊಟ್ಟೋಳೇ ನಾನು ಕಣ್ರೀ!"

"ಅದುಕ್ಕೇ ನಿಮ್ಗೆ ವಂದನಾ ಪತ್ರ ಕಳ್ಸಿದ್ವಲ್ಲ ಮೇಡಂ. ಅದು ಬೇರೆ, ಇದು ಬೇರೆ. ಎಲ್ಡು ಫೋಟೋ ತಕಂಬನ್ನಿ."

ಫೋಟೋ ತೆಗೆಸಲು ಹೋದೆ. ಕೂದಲು ಅರ್ಧ ಉದುರಿದೆ, ಬೋರಪ್ಪನ ಸ್ಟುಡಿಯೋದ ಕನ್ನಡಿಯಲ್ಲಿ ಯಾರೋ ಹಳೆಯ ಕಾಲದ ಮಡಿ ಹೆಂಗಸಿನಂತೆ ಕಂಡೆ. ನಗು ತಡೆಯಲಾಗಲಿಲ್ಲ. ಮೂರು ಸಲ ತೆಗೆದ. ಒಂದು ಪುಸ್ತಕಕ್ಕೆ ಹದಿನೈದು ದಿನದ ಗಡುವು. ಆರೇಳು ಕವಿತೆ ಓದಿ ಮುಗಿಸುವ ಹೊತ್ತಿಗೆ ಇವರು ಎರಡು ಸಲ ಊಟಕ್ಕೆ ಕರೆದಿದ್ದರಂತೆ.

ವೈರಾಗ್ಯದ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಮರೆತೇ ಹೋಗಿತ್ತು, ಈಗ ನೆನಪಾಯಿತು.

೨೬ ನವೆಂಬರ್, ಭಾನುವಾರ

ಭಜನಾ ಮಂಡಳಿಯವರು ಬಂದಿದ್ದರು. ಕಾಫಿ ಕೊಟ್ಟೆ, ನಾನೂ ಕುಡಿದೆ. ಕಾಲೇಜಿನ ಸುದ್ದಿ ಹೇಳಿದೆ, ಪ್ರಿನ್ಸಿಪಾಲ್ ಚಲುವಯ್ಯನವರ ನಡಿಗೆ ಮಾಡಿ ತೋರಿಸಿದೆ. ಅವರ ಮುಖಗಳು ಇಳಿದವು. ಹೊರಡುವಾಗ ಎದುರುಮನೆಯವರು ಮೆಲ್ಲಗೆ, "ನವರಾತ್ರೀಲಿ ಎಷ್ಟು ಚೆನ್ನಾಗಿದ್ರಿ. ಮುಖದಲ್ಲಿ ಒಂಥರಾ ಕಳೆ ಇತ್ತು. ಯಾರ ಕಣ್ಣು ಬಿತ್ತೋ" ಎಂದರು. ಯಾರೂ ಕಾಲು ಮುಟ್ಟಲಿಲ್ಲ.

ಅತ್ತೆ ಒಳಗಿನ ಬಾಗಿಲಲ್ಲಿ ನಿಂತು ಇದೆಲ್ಲ ಕೇಳುತ್ತಿದ್ದರು.

೬ ಡಿಸೆಂಬರ್, ಬುಧವಾರ

ಸಂಜೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಸೊಗಡಿನ ಕಾಯಿ, ಬೆರಳೆಲ್ಲ ಎಣ್ಣೆ ಎಣ್ಣೆ. ಅತ್ತೆ ಬಂದು ಪಕ್ಕ ಕೂತು ಒಂದು ಹಿಡಿ ತೆಗೆದುಕೊಂಡರು. ಎರಡು ತಿಂಗಳ ಬಳಿಕ ಮೊದಲ ಮಾತು.

"ಆ ಡಾಕ್ಟ್ರು ಹೇಳಿದ್ದು ಇನ್ನೊಂದ್ಸಲ ಹೇಳೇ. ಆ ಕಾವಲಿನೋರ ವಿಷಯ."

ಹೇಳಿದೆ. ಕ್ಲಾಸಿನಲ್ಲಿ ಹೇಳುವುದಕ್ಕಿಂತ ನಿಧಾನವಾಗಿ.

"ಸೂಜಿ ಹಾಕಿಸ್ಕೊಳ್ದೇ ಇರೋರಿಗೂ ಹಾಗಾಗತ್ತಾ?"

"ಕೆಲವರಿಗೆ ಆಗಬಹುದಂತೆ ಅತ್ತೆ. ದೊಡ್ಡ ದುಃಖ ಬಂದ್ರೂ ಆ ಕೋಶಗಳು ಎದ್ದು ಕೂರ್ತವೆ ಅಂತ ಈಗ ಬರೀತಿದ್ದಾರೆ. ಎಲ್ರಿಗೂ ಅದೇ ಕಾರಣ ಅಂತ ಯಾರೂ ಹೇಳ್ತಿಲ್ಲ."

ಅತ್ತೆ ಇನ್ನೂ ನಾಲ್ಕು ಕಾಯಿ ಬಿಡಿಸಿದರು.

"ನಿಮ್ಮಾವ ತೀರ್ಕೊಂಡ ವರ್ಷ ಅನ್ನ ಮಣ್ಣಿನ ಥರ ಇರ್ತಿತ್ತು ಕಣೇ. ಮಾತಾಡಣ ಅಂದ್ರೆ ನಾಲಿಗೆ ಏಳ್ತಿರ್ಲಿಲ್ಲ. ಜನ ಬಂದ್ರು, ಕಾವೇರಮ್ಮ ವ್ರತ ಹಿಡಿದಿದ್ದಾಳೆ ಅಂದ್ರು. 'ನನಗೆ ಆಗ್ತಿಲ್ಲ' ಅನ್ನೋದಕ್ಕಿಂತ ಅದೇ ಸುಲಭ ಅನ್ನಿಸ್ತು. ನಾನೂ ವ್ರತ ಅಂದೆ. ಅಂದ್ಮೇಲೆ ಬಿಡೋದು ಹೇಗೆ?"

ಗಣೇಶನ ಹಬ್ಬದ ದಿನ ರಾತ್ರಿ ಊಟ ಬಿಡು ಎಂದವರ ಮೇಲೆ ಒಳಗೊಳಗೇ ಇದ್ದ ಸಿಟ್ಟು ಎಲ್ಲಿ ಹೋಯಿತೋ. ಅವರು ತಮಗೆ ಗೊತ್ತಿದ್ದ ಒಂದೇ ಔಷಧವನ್ನು ನನಗೆ ಕೊಟ್ಟಿದ್ದರು.

"ಹದಿನೇಳು ವರ್ಷ ಕಾಯಿಲೆಗೆ ಪೂಜೆ ಮಾಡಿದ್ನೇನೇ?" ಎಂದರು.

ಹೌದೆನ್ನಲು ನಾನು ಯಾರು? ಅಲ್ಲವೆನ್ನಲು ಮನಸ್ಸು ಒಪ್ಪಲಿಲ್ಲ.

"ನಿಮ್ಮದು ಏನು ಅಂತ ನಂಗೊತ್ತಿಲ್ಲ ಅತ್ತೆ. ನನ್ನದೂ ನನಗೆ ಗೊತ್ತಾಗಿರ್ಲಿಲ್ಲ. ಕೇಳಬಹುದು, ಅಷ್ಟೇ."

ಅವರು ಮೊರ ಎತ್ತಿಕೊಂಡು ಒಳಗೆ ಹೋದರು.

೧೬ ಡಿಸೆಂಬರ್, ಶನಿವಾರ

ಇಪ್ಪತ್ತನಾಲ್ಕು.

ಇವರ ಕೈ ಈಗ ಸ್ವಲ್ಪವೂ ನಡುಗುವುದಿಲ್ಲ. ಮುಗಿಸಿದ ಮೇಲೆ ಖಾಲಿ ಸಿರಿಂಜು ಹಿಡಿದು ನಿಂತಿದ್ದರು. "ಇನ್ನು ಶನಿವಾರ ಏನ್ಮಾಡ್ಲಿ?" ಎಂದರು. ಗಂಜಿ ಮಾಡುವುದನ್ನು ಕಲಿಯಿರಿ ಎಂದೆ.

ಧನುರ್ಮಾಸ ಹುಟ್ಟಿದೆ. ಅತ್ತೆ ನಾಲ್ಕೂವರೆಗೆ ಎದ್ದು ದೇವರಮನೆಯಲ್ಲಿದ್ದಾರೆ. ನಾನು ಆರೂಕಾಲಿನವರೆಗೂ ಮಲಗಿದೆ.

೨೭ ಡಿಸೆಂಬರ್, ಬುಧವಾರ

ರಕ್ತದಲ್ಲಿ ವೈರಸ್ ಇಲ್ಲ. ಆರು ತಿಂಗಳ ನಂತರ ಇನ್ನೊಮ್ಮೆ ನೋಡಬೇಕು; ಇವತ್ತಿಗೆ ಇಲ್ಲ. ಡಾಕ್ಟರ್ ಷಡಕ್ಷರಿ ಕೈ ಕುಲುಕಿದರು.

ಆದರೆ ಇವತ್ತು ಬರೆಯಬೇಕಾದ್ದು ಬೇರೆ. ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. "ನಾನೂ ಬರ್ತೀನಿ" ಎಂದರು. ಇವರು ಏನೋ ಕೇಳಲು ಹೋದರು, ನಾನು ಕಾಲು ತುಳಿದೆ.

ರೈಲಿನಲ್ಲಿ ಕಿಟಕಿ ಅವರಿಗೇ ಬೇಕಾಯಿತು. ಹಾಸನ ಬರುವ ತನಕ ಮುಖ ಈಚೆಗೆ ತಿರುಗಿಸಲಿಲ್ಲ. "ಇಲ್ಲೆಲ್ಲ ಇಷ್ಟು ಮನೆ ಯಾವಾಗ ಬಂತೇ?" "ಅದೇನು ಅಷ್ಟೆತ್ತರ ಕಂಬ?" ಮೊಬೈಲಿನದು ಎಂದೆ.

ಮನೋವೈದ್ಯೆಯ ಕೋಣೆಗೆ ಜೊತೆಯಲ್ಲಿ ಹೋಗಲು ಎದ್ದೆ. ಕೈ ಅಡ್ಡ ಮಾಡಿದರು. ನಾನೂ ಇವರೂ ಹೊರಗೆ ಮರದ ಬೆಂಚಿನ ಮೇಲೆ ಕೂತೆವು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೊದಲು ಡಾಕ್ಟರ ದನಿ, ಆಮೇಲೆ ಅತ್ತೆಯದು. ಮಾತುಗಳು ಕೇಳುತ್ತಿರಲಿಲ್ಲ, ದನಿ ಮಾತ್ರ. ತಡೆದು ತಡೆದು ಹೊರಟಿತು, ಆಮೇಲೆ ನಿಲ್ಲಲಿಲ್ಲ. ಒಮ್ಮೆ ಏರಿತು, ಒಮ್ಮೆ ಒಡೆಯಿತು, ಮತ್ತೆ ಹೊರಟಿತು. ಅರ್ಧ ಗಂಟೆಯ ಮೇಲಾಯಿತು. ಇವರು, "ಅಮ್ಮ ಇಷ್ಟೊಂದು ಮಾತಾಡೋದು..." ಎಂದು ಶುರುಮಾಡಿ, ಕರ್ಚೀಫು ಹುಡುಕಿದರು.

ಬಾಗಿಲು ತೆಗೆದು ಅತ್ತೆ ಬಂದರು. ಕಣ್ಣು ಕೆಂಪಗಿತ್ತು, ನಡಿಗೆಯಲ್ಲಿ ಅವಸರವಿತ್ತು. ಚೀಟಿಯನ್ನು ನನ್ನ ಕೈಗೆ ಕೊಡಲಿಲ್ಲ, ಮಡಿಸಿ ತಮ್ಮ ಚೀಲದಲ್ಲೇ ಇಟ್ಟುಕೊಂಡರು.

"ಹದಿನೈದು ದಿನ ಬಿಟ್ಟು ಬರಕ್ಕೆ ಹೇಳಿದ್ದಾರೆ" ಎಂದರು. "ನೀವಿಬ್ರೂ ರಜೆ ಹಾಕೋದೇನೂ ಬೇಡ. ಸ್ಟೇಷನ್ನಿಂದ ಎಡಕ್ಕೆ ತಿರುಗಬೇಕು, ನಾನು ನೋಡ್ಕೊಂಡಿದ್ದೀನಿ."